ಹಳೆಯ ಲ್ಯಾಪ್‌ಟಾಪಿಗೆ ಹೊಸ ಕಾರ್ಯಾಚರಣಾ ವ್ಯವಸ್ಥೆ: ಕನ್ನಡ ಕಡತಗಳನ್ನು ಉಳಿಸಿಕೊಳ್ಳುವ ಬಗೆ

ಲ್ಯಾಪ್‌ಟಾಪಿನ ಯಂತ್ರಭಾಗಗಳಿಗೂ ಅದನ್ನು ಬಳಸುವವರಿಗೂ ನಡುವೆ ನಿಂತು ಕೆಲಸ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣಾ ವ್ಯವಸ್ಥೆ ಎಂದು ಹೆಸರು. ಕೀಲಿ ಒತ್ತಿದಾಗ ಪರದೆಯ ಮೇಲೆ ಅಕ್ಷರ ಮೂಡುವುದು, ಬರೆದದ್ದು ಕಡತವಾಗಿ ಉಳಿಯುವುದು, ಆ ಕಡತ ಪ್ರಿಂಟರಿಗೆ ತಲುಪುವುದು ಎಲ್ಲವೂ ಅದರ ಮೂಲಕವೇ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಲ್ಲಿ ಅನೇಕರು ಇಂತಹ ಎರಡು ವ್ಯವಸ್ಥೆಗಳ ನಡುವೆ ಓಡಾಡುತ್ತಾರೆ. ಶಾಲೆಯ ಲ್ಯಾಪ್‌ಟಾಪಿನಲ್ಲಿರುವುದು ಕೈಟ್ ಸಂಸ್ಥೆ ಒದಗಿಸಿದ ಗ್ನೂ/ಲಿನಕ್ಸ್. ಮನೆಯ ಲ್ಯಾಪ್‌ಟಾಪಿನಲ್ಲಿ ಬಹುಮಟ್ಟಿಗೆ ವಿಂಡೋಸ್. ಮನೆಯ ಆ ಯಂತ್ರ ಹಳೆಯದಾದಾಗ ಏನು ಮಾಡಬೇಕು, ಅದರೊಳಗಿರುವ ಕನ್ನಡದ ಬರವಣಿಗೆಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದು ಈ ಲೇಖನದ ವಿಷಯ.

ಯಂತ್ರ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು. ಹತ್ತು ಹದಿನೈದು ವರ್ಷಗಳ ಕಾಲ ಕೂಡಿಟ್ಟ ಪ್ರಶ್ನೆಪತ್ರಿಕೆಗಳು, ಪಾಠಯೋಜನೆಗಳು, ಅಭ್ಯಾಸ ಹಾಳೆಗಳು, ಮಲಯಾಳಂ ಕೈಪಿಡಿಗಳಿಂದ ಕಷ್ಟಪಟ್ಟು ಕನ್ನಡಕ್ಕೆ ತಂದುಕೊಂಡ ಟಿಪ್ಪಣಿಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಕೇರಳದ ಪಠ್ಯಕ್ರಮಕ್ಕೆ ಹೊಂದುವ ಕನ್ನಡದ ಪೂರಕ ಸಾಮಗ್ರಿ ಹೊರಗೆ ವಿರಳ. ಶಿಕ್ಷಕರು ತಾವೇ ಸಿದ್ಧಪಡಿಸಿಕೊಂಡದ್ದೇ ಆಧಾರ. ಆದುದರಿಂದ ವ್ಯವಸ್ಥೆಯ ಬದಲಾವಣೆಯಲ್ಲಿ ಮೊದಲ ಕೆಲಸ ಕಡತಗಳ ರಕ್ಷಣೆ, ಎರಡನೆಯದು ತಂತ್ರಾಂಶದ ಅಳವಡಿಕೆ.

ಬದಲಾವಣೆ ಏಕೆ ಬೇಕು

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 14 ಜನವರಿ 2020ರಂದು ಮುಗಿಯಿತು. ವಿಂಡೋಸ್ 10ರ ಬೆಂಬಲ 14 ಅಕ್ಟೋಬರ್ 2025ರಂದು ಕೊನೆಗೊಂಡಿತು. ಬೆಂಬಲ ಮುಗಿದ ಮಾತ್ರಕ್ಕೆ ಲ್ಯಾಪ್‌ಟಾಪ್ ನಿಂತುಹೋಗುವುದಿಲ್ಲ. ಮರುದಿನವೂ ಅದು ಎಂದಿನಂತೆ ತೆರೆದುಕೊಳ್ಳುತ್ತದೆ. ಆದರೆ ವ್ಯವಸ್ಥೆಯಲ್ಲಿ ಹೊಸದಾಗಿ ಕಂಡುಬರುವ ಭದ್ರತಾ ದೋಷಗಳಿಗೆ ಪರಿಹಾರ ಬರುವುದಿಲ್ಲ. ಕಾಲಕ್ರಮದಲ್ಲಿ ಬ್ರೌಸರ್‌ನಂತಹ ಇತರ ತಂತ್ರಾಂಶಗಳೂ ಹಳೆಯ ವ್ಯವಸ್ಥೆಯನ್ನು ಕೈಬಿಡುತ್ತವೆ. ‘ಸಂಪೂರ್ಣ’, ‘ಸಮಗ್ರ’ ಮುಂತಾದ ಶೈಕ್ಷಣಿಕ ಜಾಲತಾಣಗಳು ತೆರೆಯುವುದು ಬ್ರೌಸರ್ ಮೂಲಕ. ಅದು ಹಳತಾದರೆ ಮಕ್ಕಳ ವಿವರಗಳನ್ನು ದಾಖಲಿಸುವ ಕೆಲಸಕ್ಕೂ ಅಡಚಣೆ. ಮಕ್ಕಳ ಹೆಸರು, ವಿಳಾಸ, ಅಂಕಗಳಿರುವ ಯಂತ್ರ ಭದ್ರತೆಯಿಲ್ಲದೆ ಅಂತರಜಾಲಕ್ಕೆ ತೆರೆದಿರುವುದು ಅದಕ್ಕಿಂತಲೂ ದೊಡ್ಡ ಅಪಾಯ.

ಮೊದಲು ಯಂತ್ರವನ್ನು ಅರಿಯುವುದು

ಯಾವ ವ್ಯವಸ್ಥೆ ಹೊಂದುತ್ತದೆ ಎಂಬುದನ್ನು ಯಂತ್ರವೇ ನಿರ್ಧರಿಸುತ್ತದೆ. ವಿಂಡೋಸ್ 10ರಲ್ಲಿ ‘ಸೆಟ್ಟಿಂಗ್ಸ್’, ‘ಸಿಸ್ಟಂ’, ‘ಅಬೌಟ್’ ಎಂಬ ಕ್ರಮದಲ್ಲಿ ಹೋದರೆ ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ವ್ಯವಸ್ಥೆ 32 ಬಿಟ್‌ನದೋ 64 ಬಿಟ್‌ನದೋ ಎಂಬ ವಿವರ ಸಿಗುತ್ತದೆ. ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು.

2021ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ, 64 ಬಿಟ್ ಪ್ರೊಸೆಸರ್ ಹಾಗೂ ‘ಟಿಪಿಎಂ 2.0’ ಎಂಬ ಭದ್ರತಾ ಘಟಕ ಅಗತ್ಯ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸ್ಥೂಲವಾಗಿ ಎಂಟನೆಯ ಪೀಳಿಗೆಯವು ಮತ್ತು ನಂತರದವು ಮಾತ್ರ ಇದಕ್ಕೆ ಅರ್ಹ. ಪೀಳಿಗೆಯನ್ನು ಗುರುತಿಸುವುದು ಕಷ್ಟವಲ್ಲ. ‘ಐ3-5005ಯು’ ಎಂದಿದ್ದರೆ ಅಡ್ಡಗೆರೆಯ ನಂತರದ ಅಂಕಿ 5. ಅದು ಐದನೆಯ ಪೀಳಿಗೆ. ‘ಐ5-8250ಯು’ ಎಂದಿದ್ದರೆ ಎಂಟನೆಯದು. ಮೈಕ್ರೋಸಾಫ್ಟ್ ಉಚಿತವಾಗಿ ನೀಡುವ ‘ಪಿಸಿ ಹೆಲ್ತ್ ಚೆಕ್’ ಎಂಬ ಪುಟ್ಟ ತಂತ್ರಾಂಶವೂ ಅರ್ಹತೆಯನ್ನು ಪರೀಕ್ಷಿಸಿ ತಿಳಿಸುತ್ತದೆ.

ಯಂತ್ರ ನಿಧಾನವಾಗಿದ್ದರೆ ಅದಕ್ಕೆ ವ್ಯವಸ್ಥೆಯೊಂದೇ ಕಾರಣವಾಗಿರುವುದಿಲ್ಲ. ಹಳೆಯ ಲ್ಯಾಪ್‌ಟಾಪುಗಳಲ್ಲಿರುವ ತಿರುಗುವ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿ, 2 ಅಥವಾ 4 ಜಿಬಿ ರ‍್ಯಾಮನ್ನು 8 ಜಿಬಿಗೆ ಏರಿಸಿದರೆ ವೇಗದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣುತ್ತದೆ. ರ‍್ಯಾಮ್ ಕೊಳ್ಳುವಾಗ ಅದರ ಬಗೆ ಹೊಂದಬೇಕು. ಡಿಡಿಆರ್3 ಇರುವ ಯಂತ್ರಕ್ಕೆ ಡಿಡಿಆರ್4 ಕೂರುವುದಿಲ್ಲ. ಹಾರ್ಡ್‌ಡಿಸ್ಕ್ ಬದಲಿಸುವವರಿಗೆ ಇನ್ನೊಂದು ಅನುಕೂಲವಿದೆ. ತೆಗೆದ ಹಳೆಯ ಡಿಸ್ಕನ್ನು ಅಳಿಸದೆ ಹಾಗೆಯೇ ಎತ್ತಿಟ್ಟರೆ, ಅದೇ ಒಂದು ಪೂರ್ಣ ಪ್ರತಿಯಾಗುತ್ತದೆ.

ಮುಂದಿರುವ ಮೂರು ದಾರಿಗಳು

ಮೊದಲನೆಯದು, ಯಂತ್ರ ಅರ್ಹವಾಗಿದ್ದರೆ ವಿಂಡೋಸ್ 10ರಿಂದ 11ಕ್ಕೆ ಏರುವುದು. ಇದು ಉಚಿತ, ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಂಡೇ ಏರಬಹುದು. ಹೊಂದಿಕೆಯಾಗದಿದ್ದರೆ ಹತ್ತು ದಿನಗಳೊಳಗೆ ಹಿಂದಿನ ವ್ಯವಸ್ಥೆಗೆ ಮರಳಲು ಅವಕಾಶವಿದೆ. ವಿಂಡೋಸ್ 7ರಿಂದ ನೇರವಾಗಿ 11ಕ್ಕೆ ಬರುವುದಾದರೆ ಹೊಸದಾಗಿಯೇ ಅಳವಡಿಸಬೇಕು. 32 ಬಿಟ್ ವ್ಯವಸ್ಥೆಯಿಂದ 64 ಬಿಟ್‌ಗೆ ಹೋಗುವಾಗಲೂ ಹಾಗೆಯೇ.

ಎರಡನೆಯದು, ವಿಂಡೋಸ್ 10ರಲ್ಲಿಯೇ ಉಳಿದು, ಮನೆಬಳಕೆದಾರರಿಗಾಗಿ ಮೈಕ್ರೋಸಾಫ್ಟ್ ಘೋಷಿಸಿದ ವಿಸ್ತರಿತ ಭದ್ರತಾ ಯೋಜನೆಗೆ ಸೇರುವುದು. 2025ರಲ್ಲಿ ಘೋಷಿಸಿದಂತೆ ಇದರ ಅವಧಿ 13 ಅಕ್ಟೋಬರ್ 2026ರವರೆಗೆ. ಕಡತಗಳನ್ನು ಅಣಿಗೊಳಿಸಲು ಸಮಯ ಬೇಕಾದವರಿಗೆ ಇದು ತಾತ್ಕಾಲಿಕ ತಂಗುದಾಣ.

ಮೂರನೆಯದು ಗ್ನೂ/ಲಿನಕ್ಸ್. ಕೇರಳದ ಶಿಕ್ಷಕರಿಗೆ ಇದು ಅಪರಿಚಿತವಲ್ಲ. 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯೇ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ಶಾಲೆಗಳ ಕಂಪ್ಯೂಟರ್ ಶಿಕ್ಷಣ ನಡೆಯುತ್ತಿರುವುದು ಮುಕ್ತ ತಂತ್ರಾಂಶದ ಮೇಲೆ. ಉಬುಂಟು 22.04ನ್ನು ಆಧರಿಸಿದ ಕೈಟ್ ಲಿನಕ್ಸ್ ಆಗಲಿ, ಹಗುರವಾದ ‘ಲಿನಕ್ಸ್ ಮಿಂಟ್’ನ ಎಕ್ಸ್‌ಎಫ್‌ಸಿಇ ಆವೃತ್ತಿಯಾಗಲಿ 4 ಜಿಬಿ ರ‍್ಯಾಮ್ ಇರುವ, ವಿಂಡೋಸ್ 11ಕ್ಕೆ ಅರ್ಹವಲ್ಲದ ಲ್ಯಾಪ್‌ಟಾಪಿನಲ್ಲಿಯೂ ನಡೆಯುತ್ತದೆ. ಪೆನ್‌ಡ್ರೈವಿನಿಂದಲೇ ತೆರೆದು, ಯಂತ್ರದಲ್ಲಿ ಏನನ್ನೂ ಅಳಿಸದೆ ಪರೀಕ್ಷಿಸಿ ನೋಡಬಹುದೆಂಬುದು ಲಿನಕ್ಸಿನ ದೊಡ್ಡ ಅನುಕೂಲ.

ಅರ್ಹತೆಯಿಲ್ಲದ ಯಂತ್ರಕ್ಕೂ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುವವರುಂಟು. ಅಂತಹ ಯಂತ್ರಕ್ಕೆ ಮುಂದಿನ ಪರಿಷ್ಕರಣೆಗಳು ಬಂದೇ ಬರುತ್ತವೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ನೀಡುವುದಿಲ್ಲ. ಪರವಾನಗಿಯಿಲ್ಲದ ಪ್ರತಿಯನ್ನು ಹಾಕಿಸಿಕೊಳ್ಳುವುದಂತೂ ಸಲ್ಲದು. ಶಾಲೆಗೆ ಸೇರಿದ ಲ್ಯಾಪ್‌ಟಾಪಿನ ವ್ಯವಸ್ಥೆಯನ್ನು ಶಿಕ್ಷಕರು ತಾವಾಗಿ ಬದಲಿಸಬಾರದು. ಶಾಲೆಯ ಐಟಿ ಸಂಯೋಜಕರ ಮೂಲಕ, ಕೈಟ್‌ನ ಮಾಸ್ಟರ್ ಟ್ರೈನರ್‌ಗಳ ಸಲಹೆಯಂತೆ ಅದು ನಡೆಯಬೇಕು.

ಕನ್ನಡ ಕಡತ ಓದಲಾಗದಂತೆ ಆಗುವುದೇಕೆ

ಮನೆಯಲ್ಲಿ ನುಡಿ ಅಥವಾ ಬರಹದಲ್ಲಿ ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವಿನಲ್ಲಿ ತಂದು ಶಾಲೆಯ ಲಿನಕ್ಸ್ ಯಂತ್ರದಲ್ಲಿ ತೆರೆದಾಗ, ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಹಾಗೂ ಐರೋಪ್ಯ ಚಿಹ್ನೆಗಳ ಸಾಲು ಕಾಣುವುದು ಅನೇಕ ಶಿಕ್ಷಕರು ಬಲ್ಲ ಸಂಗತಿ. ಹೊಸ ವ್ಯವಸ್ಥೆಯಲ್ಲಿಯೂ ಇದೇ ಆಗುತ್ತದೆ. ಕಡತ ಕೆಟ್ಟಿತೆಂದು ಭಾವಿಸಿ ಅದನ್ನು ಅಳಿಸಿಬಿಡುವವರೂ ಇದ್ದಾರೆ. ವಾಸ್ತವದಲ್ಲಿ ಕಡತಕ್ಕೆ ಏನೂ ಆಗಿರುವುದಿಲ್ಲ.

ಹಳೆಯ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕೂರಿಸಿದ್ದವು. ನುಡಿ ಫಾಂಟಿನಲ್ಲಿ ‘ಕ’ ಎಂಬ ಅಕ್ಷರದ ಒಡಲು ಇರುವುದು ಇಂಗ್ಲಿಷಿನ ದೊಡ್ಡ ‘ಪಿ’ಯ ಸ್ಥಾನದಲ್ಲಿ, ಅದರ ತಲೆಕಟ್ಟು ಇನ್ನೊಂದು ಐರೋಪ್ಯ ಅಕ್ಷರದ ಸ್ಥಾನದಲ್ಲಿ. ಕಂಪ್ಯೂಟರಿನ ದೃಷ್ಟಿಯಲ್ಲಿ ಅಲ್ಲಿರುವುದು ‘ಪಿ’ಯೇ. ಅದಕ್ಕೆ ನುಡಿಯ ಫಾಂಟನ್ನು ತೊಡಿಸಿದಾಗ ಮಾತ್ರ ‘ಕ’ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ‘ಪಿ’ ಕಾಣುತ್ತದೆ.

ಯೂನಿಕೋಡ್ ಈ ತೊಡಕನ್ನು ಬುಡದಲ್ಲಿಯೇ ಪರಿಹರಿಸಿದೆ. 1991ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನಗಳು ದೊರೆತವು. ಅಲ್ಲಿ ‘ಕ’ ಎಂದರೆ ‘ಕ’ವೇ; ಯಾವ ಕನ್ನಡ ಫಾಂಟ್ ಇದ್ದರೂ ಓದಬಹುದು. ವಿಂಡೋಸ್ ಎಕ್ಸ್‌ಪಿಯಿಂದ ‘ತುಂಗಾ’ ಫಾಂಟ್, ವಿಂಡೋಸ್ 8ರಿಂದ ‘ನಿರ್ಮಲಾ ಯುಐ’, ಲಿನಕ್ಸಿನಲ್ಲಿ ‘ಲೋಹಿತ್’, ‘ನೋಟೋ’, ‘ಗುಬ್ಬಿ’, ‘ನವಿಲು’ ಮುಂತಾದವು ಇದಕ್ಕಾಗಿಯೇ ಇವೆ. ಯೂನಿಕೋಡಿನಲ್ಲಿರುವ ಬರವಣಿಗೆಯನ್ನು ಪೋಷಕರು ಮೊಬೈಲಿನಲ್ಲಿ ಓದಬಲ್ಲರು. ಕಡತದೊಳಗೆ ಪದ ಹುಡುಕಬಹುದು. ಹಾಜರಿ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಬಹುದು. ದೃಷ್ಟಿ ಸವಾಲಿರುವ ಮಗುವಿಗೆ ಯಂತ್ರವೇ ಗಟ್ಟಿಯಾಗಿ ಓದಿ ಹೇಳಬಲ್ಲದು.

ಪರಿವರ್ತನೆ ಮತ್ತು ತಿದ್ದುಪಡಿ

ಆದುದರಿಂದ ಹಳೆಯ ವ್ಯವಸ್ಥೆ ಇನ್ನೂ ನಡೆಯುತ್ತಿರುವಾಗಲೇ ಮುಖ್ಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಜಾಣತನ. ನುಡಿ, ಬರಹ ತಂತ್ರಾಂಶಗಳಲ್ಲಿ ಇದಕ್ಕೆ ಪರಿವರ್ತಕಗಳಿವೆ. ಅಂತರಜಾಲದಲ್ಲಿಯೂ ಉಚಿತ ಪರಿವರ್ತಕಗಳು ದೊರೆಯುತ್ತವೆ. ಬರಹದ ಸ್ವಂತ ಬಗೆಯ ಕಡತಗಳನ್ನು ಬರಹದಲ್ಲಿಯೇ ತೆರೆದು ಯೂನಿಕೋಡ್ ರೂಪದಲ್ಲಿ ಉಳಿಸಬೇಕು. ಪೇಜ್‌ಮೇಕರಿನಲ್ಲಿ ವಿನ್ಯಾಸಗೊಳಿಸಿದ ಸ್ಮರಣ ಸಂಚಿಕೆ, ಪ್ರಶ್ನೆಪತ್ರಿಕೆಗಳ ಮಾತು ಬೇರೆ. ಆ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿ ನಡೆಯುವ ಖಾತ್ರಿಯಿಲ್ಲದ ಕಾರಣ ಪ್ರತಿಯೊಂದರ ಪಿಡಿಎಫ್ ಪ್ರತಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು.

ಯಾವ ಪರಿವರ್ತಕವೂ ಪೂರ್ಣ ನಿರ್ದುಷ್ಟವಲ್ಲ. ತಪ್ಪು ಎಲ್ಲಿ ನುಸುಳುತ್ತದೆ ಎಂಬುದನ್ನು ಭಾಷಾ ಶಿಕ್ಷಕರು ಸುಲಭವಾಗಿ ಊಹಿಸಬಲ್ಲರು. ‘ಸೂರ್ಯ’ ಎಂಬ ಪದದಲ್ಲಿ ರೇಫ ಉಚ್ಚಾರಣೆಯಲ್ಲಿ ಯಕಾರಕ್ಕಿಂತ ಮೊದಲು ಬರುತ್ತದೆ. ಬರೆಯುವಾಗ ಅರ್ಕಾವೊತ್ತಾಗಿ ಯಕಾರದ ನಂತರ ನಿಲ್ಲುತ್ತದೆ. ಹಳೆಯ ಫಾಂಟುಗಳು ಬರೆಯುವ ಕ್ರಮವನ್ನು ಅನುಸರಿಸಿದವು. ಯೂನಿಕೋಡ್ ಉಚ್ಚರಿಸುವ ಕ್ರಮವನ್ನು ಅನುಸರಿಸುತ್ತದೆ. ಪರಿವರ್ತಕವು ಅರ್ಕಾವೊತ್ತನ್ನು ಎತ್ತಿ ಹಿಂದಕ್ಕೆ ತಂದಿಡಬೇಕು. ಈ ಸ್ಥಳಾಂತರದಲ್ಲಿ ಎಡವಟ್ಟಾದರೆ ಕಾಗುಣಿತವೇ ಕೆಡುತ್ತದೆ. ಹೀಗಾಗಿ ಪರಿವರ್ತಿತ ಬರಹದಲ್ಲಿ ಈ ಅಂಶಗಳನ್ನು ವಿಶೇಷವಾಗಿ ನೋಡಬೇಕು:

1. ಅರ್ಕಾವೊತ್ತು ಇರುವ ಪದಗಳು: ಅರ್ಥ, ಮೂರ್ತಿ, ಸೂರ್ಯ, ವರ್ಷ.
2. ಎರಡು ಒತ್ತುಗಳು ಸೇರುವ ಪದಗಳು: ರಾಷ್ಟ್ರ, ಸ್ತ್ರೀ, ಶಾಸ್ತ್ರ.
3. ಋಕಾರ, ವಿಸರ್ಗ, ಐತ್ವ ಮತ್ತು ದೀರ್ಘಗಳು: ಕೃಷಿ, ದುಃಖ, ಕೈ, ಪೋಷಕ.
4. ನಡುವೆ ಬಂದ ಇಂಗ್ಲಿಷ್ ಪದಗಳು. ಪರಿವರ್ತಕವು ಫಾಂಟನ್ನು ಗಮನಿಸದಿದ್ದರೆ ನಿಜವಾದ ಇಂಗ್ಲಿಷನ್ನೂ ಕನ್ನಡದ ತುಣುಕೆಂದು ತಿಳಿದು ಅರ್ಥಹೀನ ಅಕ್ಷರಗಳಾಗಿ ಮಾರ್ಪಡಿಸುತ್ತದೆ.
5. ಅಂಕಿಗಳು. ಕನ್ನಡ ಅಂಕಿಗಳಿದ್ದಲ್ಲಿ 1, 2, 3 ಬಂದಿರಬಹುದು.
6. ‘ಪೆನ್‌ಡ್ರೈವ್’ನಂತಹ ಪದಗಳು. ಅರ್ಧಾಕ್ಷರದ ಮುಂದಿನ ವ್ಯಂಜನ ಒತ್ತಾಗಿ ಕೆಳಗಿಳಿದಿರಬಹುದು.
7. ಗಣಿತದ ಸೂತ್ರಗಳು ಮತ್ತು ಕೋಷ್ಟಕಗಳು. ಇವುಗಳನ್ನು ಮೂಲದೊಂದಿಗೆ ಸಾಲುಸಾಲಾಗಿ ಹೋಲಿಸಬೇಕು.

ಪರಿವರ್ತನೆಯ ನಂತರವೂ ಮೂಲ ಕಡತವನ್ನು ಅಳಿಸಬಾರದು. ಎಲ್ಲವನ್ನೂ ಒಮ್ಮೆಲೇ ಪರಿವರ್ತಿಸುವ ಅಗತ್ಯವೂ ಇಲ್ಲ. ಈ ವರ್ಷ ತರಗತಿಗೆ ಬೇಕಾದವುಗಳಿಂದ ಆರಂಭಿಸಿ, ಉಳಿದವನ್ನು ಬೇಕಾದಂತೆ ಮುಂದುವರಿಸಬಹುದು. ಅದಕ್ಕಾಗಿ ಹಳೆಯ ನುಡಿ ಹಾಗೂ ಬರಹದ ಫಾಂಟುಗಳನ್ನು ಒಂದು ಕಡತಕೋಶದಲ್ಲಿ ನಕಲು ಮಾಡಿಟ್ಟುಕೊಳ್ಳಬೇಕು. ಹೊಸ ವಿಂಡೋಸಿನಲ್ಲಾಗಲಿ ಲಿನಕ್ಸಿನಲ್ಲಾಗಲಿ ಆ ಫಾಂಟುಗಳನ್ನು ಅಳವಡಿಸಿದರೆ ಹಳೆಯ ಕಡತಗಳು ಮತ್ತೆ ಓದಲು ಬರುತ್ತವೆ.

ಪ್ರತಿ ತೆಗೆಯುವುದು

ಲ್ಯಾಪ್‌ಟಾಪನ್ನು ಅಂಗಡಿಗೆ ಕೊಟ್ಟು ‘ಫಾರ್ಮ್ಯಾಟ್’ ಮಾಡಿಸುವಾಗ ‘ಸಿ ಡ್ರೈವಿನಲ್ಲಿ ಏನೂ ಇಲ್ಲ’ ಎಂದು ಹೇಳುವುದು ವಾಡಿಕೆ. ಆದರೆ ಡೆಸ್ಕ್‌ಟಾಪಿನ ಮೇಲೆ ಕಾಣುವ ಕಡತಗಳು, ‘ಡಾಕ್ಯುಮೆಂಟ್ಸ್’, ‘ಡೌನ್‌ಲೋಡ್ಸ್’, ‘ಪಿಕ್ಚರ್ಸ್’ ಕೋಶಗಳಲ್ಲಿರುವವು ಸಾಮಾನ್ಯವಾಗಿ ಇರುವುದು ಆ ಸಿ ಡ್ರೈವಿನಲ್ಲಿಯೇ. ಫಾರ್ಮ್ಯಾಟ್ ಆದೊಡನೆ ಅವೆಲ್ಲವೂ ಹೋಗುತ್ತವೆ. ಆದುದರಿಂದ ಯಂತ್ರವನ್ನು ಯಾರ ಕೈಗೆ ಕೊಡುವುದಾದರೂ ಅದಕ್ಕೆ ಮುನ್ನ ಈ ಎಲ್ಲ ಕೋಶಗಳ ಎರಡು ಪ್ರತಿಗಳನ್ನು ಎರಡು ಬೇರೆ ಸಾಧನಗಳಲ್ಲಿ ತೆಗೆಯಬೇಕು. ಒಂದು ಹೊರ ಹಾರ್ಡ್‌ಡಿಸ್ಕಿನಲ್ಲಿರಲಿ. ಇನ್ನೊಂದು ಬೇರೊಂದು ಕಂಪ್ಯೂಟರಿನಲ್ಲೋ ಅಂತರಜಾಲದ ಸಂಗ್ರಹದಲ್ಲೋ ಇರಲಿ. ವ್ಯವಸ್ಥೆಯನ್ನು ಅಳವಡಿಸಲು ಬಳಸುವ ಪೆನ್‌ಡ್ರೈವ್ ಪೂರ್ತಿ ಅಳಿಸಿಹೋಗುವುದರಿಂದ ಅದರಲ್ಲಿ ಕಡತಗಳನ್ನು ಇಡಬಾರದು.

ನಕಲು ಮಾಡಿದರೆ ಕೆಲಸ ಮುಗಿಯಲಿಲ್ಲ. ಪ್ರತಿಯೊಂದು ಕೋಶದಿಂದ ಒಂದೆರಡು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯನ್ನು ನೆಚ್ಚುವಂತಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳು, ಪ್ರಿಂಟರಿನ ಮಾದರಿ ಸಂಖ್ಯೆ, ತಂತ್ರಾಂಶಗಳ ಪರವಾನಗಿ ಸಂಖ್ಯೆಗಳನ್ನೂ ಬರೆದಿಟ್ಟುಕೊಳ್ಳಬೇಕು. ಡಿಸ್ಕಿಗೆ ‘ಬಿಟ್‌ಲಾಕರ್’ ಬೀಗ ಇದ್ದರೆ ಅದರ ಮರುಪಡೆಯುವ ಕೀಲಿಸಂಖ್ಯೆ ಇಲ್ಲದೆ ಮುಂದುವರಿಯಬಾರದು.

ಅಳವಡಿಕೆಯ ದಿನ

ಪರೀಕ್ಷೆಯ ಅಥವಾ ಅಂಕಪಟ್ಟಿ ಸಲ್ಲಿಸುವ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಓಣಂ, ಕ್ರಿಸ್‌ಮಸ್ ಅಥವಾ ಬೇಸಿಗೆಯ ರಜೆ ಸೂಕ್ತ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸಾಮಾನ್ಯವಾಗಿ ಸೊರಗಿರುತ್ತದೆ. ಅಳವಡಿಕೆಯ ನಡುವೆ ವಿದ್ಯುತ್ ಹೋದರೆ ಯಂತ್ರ ತೆರೆಯದೆ ಹೋಗಬಹುದು. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಊರುಗಳಲ್ಲಿ ಇನ್ವರ್ಟರ್ ಇರುವ ಸ್ಥಳದಲ್ಲಿ ಚಾರ್ಜರ್ ಸಿಕ್ಕಿಸಿಯೇ ಕೆಲಸ ಆರಂಭಿಸಬೇಕು.

ಲಿನಕ್ಸ್ ಆಯ್ದುಕೊಂಡವರು ಮೊದಲು ಪೆನ್‌ಡ್ರೈವಿನಿಂದ ತೆರೆದು ವೈಫೈ, ಧ್ವನಿ, ಪ್ರೊಜೆಕ್ಟರ್, ಪ್ರಿಂಟರ್ ನಡೆಯುತ್ತವೆಯೇ ಎಂದು ನೋಡಬೇಕು. ಅಳವಡಿಸುವಾಗ ‘ವಿಂಡೋಸಿನೊಂದಿಗೆ’ ಎಂಬ ಆಯ್ಕೆಗೂ ‘ಡಿಸ್ಕನ್ನು ಅಳಿಸಿ’ ಎಂಬ ಆಯ್ಕೆಗೂ ಇರುವ ಅಂತರವನ್ನು ಓದಿ ತಿಳಿದ ನಂತರವೇ ಗುಂಡಿ ಒತ್ತಬೇಕು. ಎರಡನೆಯದನ್ನು ಒತ್ತಿದರೆ ಡಿಸ್ಕಿನಲ್ಲಿರುವುದೆಲ್ಲ ಹೋಗುತ್ತದೆ.

ಬದಲಾವಣೆಯ ನಂತರದ ತಪಾಸಣೆ

ಕೆಲಸ ಮಾಡಿಕೊಟ್ಟ ತಂತ್ರಜ್ಞರಿಗೆ ಮಲಯಾಳಂ ಮಾತ್ರ ಬರುತ್ತಿದ್ದರೆ, ಪರದೆಯ ಮೇಲಿನ ಕನ್ನಡ ಸರಿಯೇ ತಪ್ಪೇ ಎಂದು ಅವರು ಹೇಳಲಾರರು. ಆ ತಪಾಸಣೆ ಶಿಕ್ಷಕರದೇ. ಯಂತ್ರವನ್ನು ಮನೆಗೆ ಒಯ್ಯುವ ಮುನ್ನ ಅಲ್ಲಿಯೇ ಕುಳಿತು ಮೂರು ಪರೀಕ್ಷೆಗಳನ್ನು ಮಾಡಬೇಕು.

ಮೊದಲನೆಯದು ಕೀಲಿಮಣೆ. ವಿಂಡೋಸಿನಲ್ಲಿ ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ವಿನ್ಯಾಸ ಸಿಗುತ್ತದೆ. 2019ರ ಮೇ ಪರಿಷ್ಕರಣೆಯಿಂದೀಚೆಗೆ ಧ್ವನ್ಯಾತ್ಮಕ ಕೀಲಿಮಣೆಯೂ ಇದೆ. ನುಡಿಯಲ್ಲಿ ಬಳಕೆಯಲ್ಲಿರುವ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕ್ರಮಕ್ಕೆ ಬೆರಳು ಒಗ್ಗಿದವರು ಲಿನಕ್ಸಿನಲ್ಲಿ ‘ಕಗಪ’ ಎಂಬ ಆಯ್ಕೆಯನ್ನು ಹುಡುಕಿದರೆ ಹೊಸದಾಗಿ ಕಲಿಯುವ ಶ್ರಮ ತಪ್ಪುತ್ತದೆ.

ಎರಡನೆಯದು ಓದು. ಪರಿವರ್ತಿಸಿದ ಒಂದು ಕಡತವನ್ನೂ ಹಳೆಯ ಫಾಂಟಿನ ಒಂದು ಕಡತವನ್ನೂ ತೆರೆದು ನೋಡಬೇಕು. ಮೂರನೆಯದು ಮುದ್ರಣ. ಪರದೆಯಲ್ಲಿ ಸರಿಯಿದ್ದ ಒತ್ತಕ್ಷರ ಕಾಗದದ ಮೇಲೆ ಒಡೆದು ಬೀಳಬಹುದು. ಒಂದು ಪುಟವನ್ನು ಮುದ್ರಿಸಿ, ಅದೇ ಕಡತವನ್ನು ಪಿಡಿಎಫ್ ಮಾಡಿ ಮೊಬೈಲಿನಲ್ಲಿ ತೆರೆದರೆ ಎರಡೂ ಖಚಿತವಾಗುತ್ತವೆ.

ಇದರಲ್ಲಿ ಮಕ್ಕಳ ನೆರವನ್ನೂ ಪಡೆಯಬಹುದು. 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಘಟಕಗಳಿರುವ ಪ್ರೌಢಶಾಲೆಗಳಲ್ಲಿ ಕನ್ನಡದಲ್ಲಿ ಬೆರಳಚ್ಚು ಮಾಡಬಲ್ಲ ವಿದ್ಯಾರ್ಥಿಗಳಿದ್ದಾರೆ. ಮಕ್ಕಳ ವೈಯಕ್ತಿಕ ವಿವರಗಳಿಲ್ಲದ ಹಳೆಯ ಪ್ರಶ್ನೆಪತ್ರಿಕೆ, ಗಾದೆಗಳ ಪಟ್ಟಿ, ಊರಿನ ಸ್ಥಳನಾಮಗಳ ಸಂಗ್ರಹವನ್ನು ಪರಿವರ್ತಿಸಿ ತಿದ್ದುವ ಕೆಲಸವನ್ನು ಅವರಿಗೆ ಒಪ್ಪಿಸಿದರೆ, ಅರ್ಕಾವೊತ್ತು, ಒತ್ತಕ್ಷರ, ಕಾಗುಣಿತಗಳ ಪಾಠವೂ ಅದರೊಡನೆ ನಡೆಯುತ್ತದೆ. ತಿದ್ದಿ ಮುಗಿದ ಕಡತಗಳನ್ನು ವಿಷಯ, ತರಗತಿ, ವರ್ಷ ಎಂಬ ಕ್ರಮದಲ್ಲಿ ಹೆಸರಿಸಿ ಶಾಲೆಯಲ್ಲಿ ಒಂದೆಡೆ ಇಟ್ಟರೆ, ಮುಂದೆ ಆ ತರಗತಿಗೆ ಬರುವ ಕನ್ನಡ ಶಿಕ್ಷಕರು ಮೊದಲಿನಿಂದ ಬರೆಯಬೇಕಾಗುವುದಿಲ್ಲ.